ಡೀಲಿಯಾ ಮುಲ್ವಿ ಬೆಣ್ಣೆ ಕಡೆದದ್ದು

ಲೀಟ್ರಿಮ್ ಸೀಮೆಯ ಡೀಲಿಯಾ ಮುಲ್ವಿ ಮದುವೆಯಾಗಿ ಬಂದಾಗಿನಿಂದ ಅಂಗಡಿಯ ಬೆಣ್ಣೆ ಮುಟ್ಟಿದವಳಲ್ಲ. ಅಂದು ಅವಳು ಬೆಣ್ಣೆ ಕಡೆಯುತ್ತಿದ್ದಳು; ಮರುದಿನ ಬೆಳಿಗ್ಗೆ ಅವಳ ಮನೆಯಲ್ಲೇ ಚರ್ಚಿನ ಬಲಿಪೂಜೆ, ಆಮೇಲೆ ಪಾದ್ರಿಗಳಿಗೂ ಊರವರಿಗೂ ತಿಂಡಿ. ಆದರೆ ಮರದ ಪೀಪಾಯಿಯಲ್ಲಿ ಕಡಗೋಲಿನಿಂದ ಎಷ್ಟು ಕುಟ್ಟಿದರೂ ಕೆನೆ ಬರೀ ನೊರೆಯಾಗುತ್ತಿತ್ತು. ಅವಳ ತೋಳು ಸೋತುಹೋಗಿತ್ತು.

ಆಗ ನೆರೆಮನೆಯ ವಿನಿ ಒಳಗೆ ಬಂದಳು. ಬೇಲಿ ದಾಟಿದ ಕೋಳಿಗಳ ದೆಸೆಯಿಂದ ಇಬ್ಬರಿಗೂ ಚಳಿಗಾಲದಿಂದ ಮಾತಿರಲಿಲ್ಲ. ವಿನಿ ಒಲೆಯ ಪಕ್ಕ ಮಲಗಿದ್ದ ಬೆಕ್ಕಿಗೆ ಹೇಳಿದಳು:

"ನನ್ನ ಒಲೆ ಆರಿಹೋಗಿದೆ. ಒಂದು ಕೆಂಡ ಕೊಡ್ತಾಳಾ ಕೇಳು ನಿನ್ನ ಯಜಮಾನಿನ."

"ಕಡೆಯೋವಾಗ ಬೆಂಕಿ ಹೊಸ್ತಿಲು ದಾಟಿದ್ರೆ ಬೆಣ್ಣೆನೂ ಅದರ ಹಿಂದೇನೇ ಹೋಗುತ್ತೆ, ಗೊತ್ತಿಲ್ವಂತಾ ಅವಳಿಗೆ?" ಡೀಲಿಯಾ ಕೂಡ ಬೆಕ್ಕನ್ನೇ ಕೇಳಿದಳು. "ಬಂದವರು ಕಡಗೋಲು ಮುಟ್ಟದೆ ಹೋಗೋ ಹಾಗೂ ಇಲ್ಲ."

ಹಾಗೆ ಹೋದರೆ ಬೆಣ್ಣೆ ಬರುವುದಿಲ್ಲವೆಂಬ ನಂಬಿಕೆ ವಿನಿಗೂ ಗೊತ್ತಿತ್ತು. ಶಾಲು ತೆಗೆದಿಟ್ಟು, ಪೀಪಾಯಿಯ ಮುಚ್ಚಳ ಸರಿಸಿ ಬೆರಳು ಅದ್ದಿದಳು.

"ಕೆನೆ ತಣ್ಣಗಿದೆ ಕಣೇ ಡೀಲಿಯಾ. ಒಂದು ಲೋಟ ಬಿಸಿನೀರು ಹಾಕು."

"ನನಗೇ ಹೇಳ್ಕೊಡ್ತೀಯಾ?" ಎನ್ನುತ್ತಲೇ ಡೀಲಿಯಾ ಬಿಸಿನೀರು ತಂದು ಸುರಿದಳು.

ಸರದಿಯ ಮೇಲೆ ಇಬ್ಬರೂ ಕಡೆದರು. ಸ್ವಲ್ಪ ಹೊತ್ತಿಗೆ ಕಡಗೋಲಿನ ಸದ್ದು ಭಾರವಾಯಿತು, ಬೆಣ್ಣೆಯ ಹಳದಿ ಕಾಳುಗಳು ತೇಲಿಬಂದವು.

"ಇನ್ನಾದ್ರೂ ಕೆಂಡ ಕೊಡೇ," ಎಂದಳು ವಿನಿ.

"ಬೆಣ್ಣೆ ತೊಳೆದು ಉಪ್ಪು ಬೆರೆಸೋವರೆಗೂ ಇಲ್ಲ. ಕೂತ್ಕೊಂಡು ಮಜ್ಜಿಗೆ ಕುಡಿ."

"ಉಪ್ಪು ನಾನು ಹಾಕ್ತೀನಿ ಬಿಡು. ನಿನ್ನ ಕೈ ಯಾವಾಗ್ಲೂ ಜಾಸ್ತಿ," ಎಂದು ವಿನಿ ಅಂಗಿಯ ತೋಳು ಮೇಲಕ್ಕೆ ಮಡಚಿದಳು.