ದೇವರ ಹಿಪ್ಪರಗಿಯ ತೇರಿನ ಉತ್ತತ್ತಿ

ಆ ಉತ್ತತ್ತಿ ದೇವರು ಕೊಟ್ಟದ್ದಲ್ಲ. ಯಾರೋ ತೇರಿಗೆ ಎಸೆದದ್ದು ಕಳಸಕ್ಕೆ ಬಡಿದು ರೇಣುಕಾಳ ಸೆರಗಿಗೆ ಬಿತ್ತು. ರೇಣುಕಾ ನನ್ನ ತಂಗಿಯ ಸೊಸೆ; ಇನ್ನೂ ಮಕ್ಕಳಾಗಿಲ್ಲ. ಹಾಗೆ ಬಿದ್ದದ್ದನ್ನು ತಿಂದರೆ ಮಕ್ಕಳಾಗುತ್ತವೆ ಎಂದು ಸುತ್ತಲಿನ ಹೆಂಗಸರೆಲ್ಲ ಅವಳನ್ನು ಮುತ್ತಿಕೊಂಡರು.

ಇಷ್ಟಕ್ಕೂ ತೇರೆಂದರೆ ಏನು ಎಂದು ಅವಳ ಗಂಡ ಈರಣ್ಣನನ್ನು ಕೇಳಿದೆ.

“ನಮ್ಮ ದೇಹಾನ ತೇರು, ದೊಡ್ಡವ್ವ. ಒಳಗ ದೇವರು ಕುಂತಿರ್ತಾನ.”

“ಹಂಗಾರ ನೀನೂ ಒಂದು ತೇರು ಹೌದಲ್ಲೋ? ಡಾಕ್ಟರಿಗೆ ಬರೇ ಈಕಿನ್ನ ಯಾಕ ತೋರಸ್ತಿ?”

ಈರಣ್ಣ ಕತ್ತೆತ್ತಿ ಕಳಸ ನೋಡತೊಡಗಿದ. ರೇಣುಕಾ ಉತ್ತತ್ತಿ ಮುರಿದು ಅರ್ಧ ಅವನ ಕೈಗಿಟ್ಟಳು.

“ನೀವೂ ತಿನ್ರಿ.”

ಮರುದಿನ ಮುಂಜಾನೆ ಇಬ್ಬರನ್ನೂ ಸಿಂದಗಿಯ ಬಸ್ಸಿಗೆ ಹತ್ತಿಸಿ ನಾನೂ ಹತ್ತಿದೆ. ಆಸ್ಪತ್ರೆಯ ಚೀಟಿಯಲ್ಲಿ ಈರಣ್ಣನ ಹೆಸರು ಬರೆಸಿದೆ.