ಚೀಟಿಯಲ್ಲಿದ್ದ ಎರಡನೆಯ ಪದ

ಆಚಾರ್ಯರೇ, ಕೋಸಗಿಯವರ ಹೆಸರುಗಳನ್ನು ಅಳಿಸಿದವಳು ನಾನು. ಆ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದವಳೂ ನಾನೇ — ವನಜಾ, ಆದೋನಿಯ ಗಿರಣಿ ಆಫೀಸಿನಲ್ಲಿ ನಿಮ್ಮ ಪಕ್ಕದ ಮೇಜಿನವಳು.

ಎಂಬತ್ತರ ದಶಕದ ಕೊನೆಯ ಮಾತು. ಗಿರಣಿಗೆ ಆಗಷ್ಟೇ ಬಂದಿದ್ದ ಕಂಪ್ಯೂಟರನ್ನು ಬಲ್ಲವಳು ನಾನೊಬ್ಬಳೇ, ಅದರ ಜಂಬವೂ ಇತ್ತು. ಕೆಲಸ ಬಿಟ್ಟವರ ಹೆಸರನ್ನು ಹಾಜರಿ ಪಟ್ಟಿಯಿಂದ ತೆಗೆಯಲು ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೆ. ಆಜ್ಞೆ ಟೈಪ್ ಮಾಡಿ, ಅದರ ಪಕ್ಕದಲ್ಲೇ ಹೆಸರು ಕೊಟ್ಟರೆ ಆಯಿತು. ಆದರೆ ನಡುವೆ ಜಾಗ ಬಿಟ್ಟ ಹೆಸರನ್ನು ಯಂತ್ರ ಎರಡು ಬೇರೆ ಪದ ಮಾಡಿ ಕೊಡುತ್ತದೆ. ನನ್ನ ಪ್ರೋಗ್ರಾಂ ಮೊದಲನೆಯದನ್ನಷ್ಟೇ ಓದಿ, ಅದರಿಂದ ಶುರುವಾಗುವ ಹೆಸರುಗಳನ್ನೆಲ್ಲ ಅಳಿಸುತ್ತಿತ್ತು. ಪರೀಕ್ಷೆ ಮಾಡುವಾಗ ಬರೀ 'ವನಜಾ' ಎಂದು ಕೊಟ್ಟು ನೋಡಿದ್ದೆ. ನಮ್ಮ ಗಿರಣಿಯಲ್ಲಿ ಮೊದಲು ಊರಿನ ಹೆಸರು, ಆಮೇಲೆ ಮನುಷ್ಯನದು — ದಿನವೂ ಕೇಳುತ್ತಿದ್ದೆ, ಆದರೂ ಹೊಳೆಯಲಿಲ್ಲ.

ಕೆಲಸ ಬಿಟ್ಟವನೊಬ್ಬನ ಹೆಸರು ಬರೆದು ನೀವು ಚೀಟಿ ಕೊಟ್ಟಿರಿ: ಕೋಸಗಿ ನಾಗಪ್ಪ. ಹಾಗೆಯೇ ಟೈಪ್ ಮಾಡಿದೆ.

ಮರುದಿನ ಬೆಳಿಗ್ಗೆ ಕೋಸಗಿಯ ಹದಿನಾಲ್ಕು ಜನ ಗೇಟಿನ ಹೊರಗೆ ನಿಂತಿದ್ದರು. "ಪಟ್ಟಿಯಾಗ ನಿಮ್ಮ ಹೆಸ್ರಿಲ್ಲ, ನಡೀರಿ!" ಎಂದು ವಾಚ್‌ಮನ್ ಕೂಗುತ್ತಿದ್ದ. ಅವರ ಗದ್ದಲ ಕೇಳಿ ಪಟ್ಟಿ ತೆರೆದು ನೋಡಿದೆ; ಕೋಸಗಿ ಎಂದು ಶುರುವಾಗುವ ಒಂದು ಹೆಸರೂ ಉಳಿದಿರಲಿಲ್ಲ.

"ಇವ್ರನ್ನ ತೆಗಿ ಅಂತ ಯಾರು ಹೇಳಿದ್ರವಾ?" ಎಂದರು ಮ್ಯಾನೇಜರು.

"ಆಚಾರ್ರು ಚೀಟಿಯಾಗ ಕೋಸಗಿ ಅಂತಷ್ಟ ಬರದಿದ್ರು ಸಾರ್. ಚೀಟಿ ಹರದು ಒಗದೆ."

ಚೀಟಿ ನನ್ನ ರವಿಕೆಯೊಳಗಿತ್ತು, ಬೆವರಿಗೆ ಒದ್ದೆಯಾಗುತ್ತಿತ್ತು. ಹೆದರಿದ್ದೆ — ಅಷ್ಟೇ, ಬೇರೆ ಕಾರಣವಿಲ್ಲ.

ಮೂರನೆಯ ದಿನ ಅವರನ್ನೆಲ್ಲ ಒಳಗೆ ಕರೆದರು. ನಿಮ್ಮನ್ನು ಕೆಲಸದಿಂದ ತೆಗೆದರು. ಹೋಗುವ ಮುನ್ನ ಕನ್ನಡಕ ಒರೆಸುತ್ತ ನನ್ನ ಮೇಜಿಗೆ ಬಂದಿರಿ. ಸಿಕ್ಕಿಬಿದ್ದೆ ಎಂದುಕೊಂಡೆ. ನೀವೋ —

"ನಾಗಪ್ಪ ಅಂತ ಬರದಿದ್ದೆ ಅನಸ್ತದವಾ... ಬರದಿಲ್ಲೇನೋ. ನನಗ ಮರವು ಬಂದದ. ನಿನಗ ಸುಮ್ನ ತ್ರಾಸಾತು."

ನೀವು ಹೋದ ಮೇಲೆ ಪ್ರೋಗ್ರಾಮನ್ನು ಸದ್ದಿಲ್ಲದೆ ಸರಿಮಾಡಿದೆ. ನಾಲ್ಕೇ ಸಾಲಿನ ಕೆಲಸ. ಪಂಚಾಂಗ ನೋಡಿ ಮುಹೂರ್ತ ಹೇಳುವುದನ್ನೂ ನೀವು ಬಿಟ್ಟಿರೆಂದು ಆಮೇಲೆ ಕೇಳಿದೆ — ತಪ್ಪು ಹೇಳಿಬಿಟ್ಟೇನೆಂಬ ಭಯವಂತೆ. ನಿಮ್ಮ ಬೀದಿಗೆ ಬರಲು ಇಷ್ಟು ವರ್ಷ ನನಗೂ ಭಯ.

ಆ ಚೀಟಿಯನ್ನು ಈ ಪತ್ರದೊಳಗೆ ಇಟ್ಟಿದ್ದೇನೆ. ಶಾಯಿ ಹರಡಿದೆ, ಆದರೂ ಓದಬಹುದು. ನಿಮಗೆ ಮರೆವು ಬಂದಿರಲಿಲ್ಲ, ಆಚಾರ್ಯರೇ. ನಾಗಪ್ಪ ಎಂದು ನೀವು ಬರೆದಿದ್ದಿರಿ.