ಬಾತುಕೋಳಿ ಮಾರ್ಕಿನ ಹಸಿರು ದಾರ

ಶಿರಾದ ಫಕ್ರುನ್ನೀಸಾಗೆ ಛಾಟ್ ಬೀಡಿಯ ಕೂಲಿ ಇವತ್ತಿಗೂ ಬಂದಿಲ್ಲ. ಛಾಟ್ ಅಂದರೆ ಸರಿಯಿಲ್ಲವೆಂದು ಕಂತ್ರಾಟುದಾರ ಪಕ್ಕಕ್ಕೆ ಎಸೆಯುವ ಬೀಡಿ. ಅದಕ್ಕೆ ಕೂಲಿಯಿಲ್ಲ, ಕಟ್ಟಿದವಳಿಗೆ ವಾಪಸ್ಸೂ ಕೊಡುವುದಿಲ್ಲ. ಎಲೆ, ತಂಬಾಕು ಕಂಪನಿಯದು, ಬೆರಳು ಮಾತ್ರ ನಿನ್ನದು ಎನ್ನುವುದು ಕಂತ್ರಾಟುದಾರ ನಾಗಲಿಂಗಯ್ಯನ ನ್ಯಾಯ.

ಅರವತ್ತೊಂದನೆಯ ಇಸವಿ ಇರಬೇಕು. ಕಂಪನಿ ಕೊಟ್ಟ ಕೆಂಪು ದಾರ ಒಂದು ದಿನ ಮುಗಿದುಹೋಯಿತು. ಫಕ್ರುನ್ನೀಸಾ ಹಳೆಯ ಓಢಣಿಯ ಅಂಚಿನಿಂದ ಹಸಿರು ದಾರ ಬಿಚ್ಚಿ ಉಳಿದ ಬೀಡಿ ಕಟ್ಟಿದಳು. ನಾಗಲಿಂಗಯ್ಯ ಹಸಿರು ಕಂಡದ್ದೇ ತಡ, ಅವಷ್ಟನ್ನೂ ಛಾಟಿನ ಬುಟ್ಟಿಗೆ ಸುರಿದ. ಅದೇ ಕೈಯಲ್ಲಿ ಕೆಂಪು ದಾರದವನ್ನೂ ಒಂದಿಷ್ಟು ಸುರಿದ.

ಅವಳ ಗಂಡ ಮುನೀರ್ ಬಳೆ ಮಾರಲು ಬಡವನಹಳ್ಳಿ ಸಂತೆಗೆ ಹೋಗುವವನು. ಮುಂದಿನ ವಾರ ಅಲ್ಲಿಂದ ಅಗ್ಗದ ಬೀಡಿ ಕಟ್ಟೊಂದನ್ನು ತಂದ. ಮೇಲೆ ಕಂಪನಿಯ ಬಾತುಕೋಳಿ ಚೀಟಿ. ಆದರೆ ಅದರ ಕೊಕ್ಕು ಚೂಪಾಗಿತ್ತು.

"ಬಾತುಕೋಳಿ ಅಲ್ಲ ಇದು, ಕಾಗೆ" ಎಂದು ನಗುತ್ತಲೇ ಕಟ್ಟು ಬಿಚ್ಚಿದಳು. ನಗು ಅಲ್ಲೇ ನಿಂತಿತು. ಒಳಗೆ ಹಸಿರು ದಾರ.

ರುಚಿ ಹೇಗಿದೆ ಎಂದು ಕೇಳಿದಳು. ಅಸಲಿಯಂತೆಯೇ ಇದೆ, ಬೆಲೆ ಮಾತ್ರ ಅರ್ಧ ಎಂದ ಮುನೀರ್. ಅವಳಿಗೆ ಸೋಜಿಗ. ಸೇದುವವನಿಗೆ ಒಳ್ಳೆಯ ಬೀಡಿ ಸಿಕ್ಕಿದೆ. ಸಂತೆಯಲ್ಲಿ ಅದನ್ನು ಮಾರಿದ ಅಂಗಡಿಯ ಗಂಗಹನುಮಯ್ಯನಿಗೆ ಎರಡು ಕಾಸು ಉಳಿದಿದೆ. ಬುಟ್ಟಿಯೊಳಗಿನದನ್ನು ಮಾರಿದವನಿಗಂತೂ ಎಲ್ಲವೂ ಲಾಭ. ಹಾಗಾದರೆ ಇಲ್ಲಿ ಮೋಸ ಹೋದವರು ಯಾರು? ತನ್ನ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಅಷ್ಟರಲ್ಲಿ ನಕಲಿ ಚೀಟಿಯ ಸುದ್ದಿ ತಿಳಿದು ಕಂಪನಿಯ ಸಾಹೇಬ ಪೊಲೀಸರೊಂದಿಗೆ ಬಂದಿಳಿದ. ಬಡವನಹಳ್ಳಿಯಲ್ಲಿ ಗಂಗಹನುಮಯ್ಯನನ್ನು ಹಿಡಿದು ಜೀಪಿಗೆ ಹತ್ತಿಸಿದರು. ಆಮೇಲೆ ಸಾಹೇಬ ಶಿರಾಕ್ಕೆ ಬಂದು, ನಕಲಿ ಮಾಡುವವರು ಯಾರೆಂದು ತಿಳಿಯದೆ, ನಾಗಲಿಂಗಯ್ಯನ ಜಗಲಿಯ ಮೇಲೆಯೇ ಕೂತು ಕಾಫಿ ಕುಡಿಯುತ್ತಿದ್ದ.

ಬಾಯಿ ಬಿಟ್ಟರೆ ನಾಳೆಯಿಂದ ಎಲೆ ಸಿಗುವುದಿಲ್ಲ ಎಂದು ಓಣಿಯವರು ಎಚ್ಚರಿಸಿದರು. ಫಕ್ರುನ್ನೀಸಾ ಹೋಗಿ ಹಸಿರು ದಾರದ ಬೀಡಿಯನ್ನು ಕಾಫಿ ಲೋಟದ ಪಕ್ಕ ಇಟ್ಟಳು.

"ಚೀಟಿ ಯಾರ್ದೋ ಗೊತ್ತಿಲ್ಲ ಸಾಹೇಬ್ರೆ. ಬೀಡಿ ನಂದು. ಕೂಲಿ ಬಂದಿಲ್ಲ."

"ನಕಲಿ ಮಾಡಿದವಳು ನೀನೇ ಅನ್ನು" ಎಂದ ಸಾಹೇಬ.

"ಕೈ ಒಂದೇ ಅಲ್ವಾ? ಇಲ್ಲಿ ಛಾಟ್ ಅಂತ ಎಸೆದ್ರು. ಬಡವನಳ್ಳೀಲಿ ಅದೇ ಹೆಂಗೆ ಚೆಂದಾಗೋಯ್ತು, ನಾಗಲಿಂಗಯ್ಯನ್ನೇ ಕೇಳಿ."

ನಾಗಲಿಂಗಯ್ಯ ಲೋಟ ಎತ್ತಿಕೊಂಡು ಒಳಗೆ ಹೋಗಲು ನೋಡಿದ. ಪೊಲೀಸರು ಅವನ ಹಿಂದೆಯೇ ನುಗ್ಗಿ ಹುಡುಕಿದಾಗ ಒಳಮನೆಯಲ್ಲಿ ಚೂಪು ಕೊಕ್ಕಿನ ಚೀಟಿಯ ಗಂಟೇ ಸಿಕ್ಕಿತು. ಗಂಗಹನುಮಯ್ಯನನ್ನು ಬಿಟ್ಟರು, ಕಂತ್ರಾಟು ಬೇರೆಯವರ ಪಾಲಾಯಿತು. ಇನ್ನು ಮೇಲೆ ಛಾಟ್ ಬೀಡಿಯನ್ನು ಹೆಂಗಸರ ಕಣ್ಣೆದುರೇ ಹಿಸುಕಿ ಹಾಕಬೇಕೆಂದು ಕಂಪನಿಯ ಹುಕುಂ ಬಂತು.

ತಮಾಷೆ ನೋಡಿ, ಮಾರಲು ಬರದೆ ಹೋದ ಮೇಲೆ ಛಾಟ್ ತಾನಾಗಿಯೇ ಕಡಿಮೆಯಾಯಿತು. ಶಿರಾದ ಹೆಂಗಸರ ಬೆರಳು ಒಂದೇ ವಾರದಲ್ಲಿ ಅಷ್ಟು ಸುಧಾರಿಸಿಬಿಟ್ಟಿತೇ? ಅತ್ತ ಬಡವನಹಳ್ಳಿಯ ಕೂಲಿಯವರು ಅದೇ ಬೀಡಿಗೆ ಪೂರಾ ಬೆಲೆ ತೆತ್ತರು.

ಬಾತುಕೋಳಿಯ ಹೆಸರು ಕೆಟ್ಟದ್ದಕ್ಕೆ ಕಂಪನಿ ನಾಗಲಿಂಗಯ್ಯನ ಠೇವಣಿಯನ್ನು ಮುರಿದುಕೊಂಡಿತು. ಹಳೆಯ ಛಾಟಿನ ಕೂಲಿ ಕೇಳಲು ಹೋದ ಫಕ್ರುನ್ನೀಸಾಗೆ, ಆ ಕೇಸು ಮುಗಿಯಿತಲ್ಲಮ್ಮ ಎಂದರು ಕಂಪನಿಯವರು. ಚೀಟಿಯ ಮಾರ್ಕು ಕದ್ದರೆ ಹಿಡಿಯುವ ಕಾನೂನಿತ್ತು, ಅವಳ ಬೆರಳಿನ ಕೆಲಸ ಕದ್ದದ್ದು ಯಾವ ಕಾಗದದಲ್ಲೂ ಬರಲಿಲ್ಲ. ಆದರೂ ಅವಳು ಪ್ರತಿ ಬಟವಾಡೆಗೂ ಹೋಗಿ ಕೇಳುತ್ತಲೇ ಇದ್ದಳು.

ನೀವೂ ಅಂಗಡಿಯಲ್ಲಿ ಮಾಲು ಹಿಡಿದು, ಇದು ಅಸಲಿಯೇನಪ್ಪ ಎಂದು ಕೇಳುವವರೇ. ಅದರ ಜೊತೆಗೆ ಇನ್ನೊಂದು ಮಾತು ಕೇಳಿ: ಇದನ್ನು ಮಾಡಿದವಳಿಗೆ ಕೂಲಿ ಸಂದಿದೆಯೇ? ಜವಾಬು ಬರುವ ತನಕ ಅಂಗಡಿಯ ಮೆಟ್ಟಿಲು ಇಳಿಯಬೇಡಿ.